ಓದುಗರ ಪ್ರಶ್ನೆ, ನಮ್ಮ ಉತ್ತರ: ಪಾಮ್ ಸಾಧನದಲ್ಲಿ ಕೆಲಸದ ಪಟ್ಟಿ ಮತ್ತು ಅಂತರ್ಜಾಲ

ಹಳೆಯ ವಿದ್ಯುನ್ಮಾನ ಸಾಮಾನುಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಚಾರ್ಜ್ ಮಾಡಿ ನೋಡಿ ಎಂದು ಕಳೆದ ಸಂಚಿಕೆಯ ಅಂಕಣದಲ್ಲಿ ಬರೆದಿದ್ದೆ. ಅದರಲ್ಲಿ ಪಾಮ್ ಎಂಬ ಅಂಗೈ ಸಾಧನದ ಹೆಸರು ಒಂದೇ ಸಲ ಬಂದಿತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಅದೊಂದನ್ನೇ ಹಿಡಿದುಕೊಂಡಿವೆ. ಮೊಬೈಲ್ ಫೋನು ಎಲ್ಲವನ್ನೂ ನುಂಗಿಕೊಳ್ಳುವುದಕ್ಕೆ ಮೊದಲು, 1996ರಿಂದ ಸುಮಾರು ಹತ್ತು ಹನ್ನೆರಡು ವರ್ಷಗಳ ಕಾಲ, ದಿನಚರಿ, ವಿಳಾಸಗಳು, ಮಾಡಬೇಕಾದ ಕೆಲಸಗಳ ಪಟ್ಟಿ ಮತ್ತು ಚುಟುಕು ಟಿಪ್ಪಣಿ ಎಂಬ ನಾಲ್ಕನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಲು ಜನ ಬಳಸುತ್ತಿದ್ದ ಸಾಧನ ಇದು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಅಮೆರಿಕದಲ್ಲಿರುವ ಮಗ 2006ರಲ್ಲಿ ತಂದುಕೊಟ್ಟ ಪಾಮ್ ಟಿಎಕ್ಸ್ ಬೀರುವಿನಲ್ಲಿ ಬಿದ್ದಿತ್ತು. ಚಾರ್ಜ್ ಮಾಡಿದರೆ ಜೀವ ಬಂದಿದೆ. ಫೋನಿನ ಗದ್ದಲವಿಲ್ಲದೆ ದಿನದ ಕೆಲಸಗಳನ್ನು ಬರೆದಿಟ್ಟುಕೊಳ್ಳಲು ಇದನ್ನು ಬಳಸಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಬೇಕು? ಕನ್ನಡದಲ್ಲಿ ಬರೆಯಲು ಸಾಧ್ಯವೇ?
ನಿವೃತ್ತ ಉಪನ್ಯಾಸಕರು, ಧಾರವಾಡ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ನಿರಾಸೆಯ ಉತ್ತರ. ಸಾಧ್ಯವಿಲ್ಲ. ಪಾಮ್ ಸಾಧನದ ಕಾರ್ಯಾಚರಣ ವ್ಯವಸ್ಥೆ ನಮಗೆ ಸಿಕ್ಕ ರೂಪದಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್ ಎಂಬ ಲೆಕ್ಕದಲ್ಲಿ ನಡೆಯುತ್ತದೆ. ಅಂದರೆ ಒಟ್ಟು 256 ಸ್ಥಾನಗಳು, ಅವೂ ರೋಮನ್ ಲಿಪಿಯ ಅಕ್ಷರಗಳಿಂದ ತುಂಬಿಹೋಗಿವೆ. ಒತ್ತಕ್ಷರ, ಕಾಗುಣಿತಗಳನ್ನು ಜೋಡಿಸಿ ತೋರಿಸುವ ಏರ್ಪಾಡು ಅದರಲ್ಲಿ ಇಲ್ಲ. ಆದ್ದರಿಂದ ಎಸ್‌ಎಂಎಸ್ ಕಾಲದಲ್ಲಿ ನಾವೆಲ್ಲ ಮಾಡುತ್ತಿದ್ದಂತೆ ಕನ್ನಡದ ಮಾತನ್ನೇ ರೋಮನ್ ಲಿಪಿಯಲ್ಲಿ ಬರೆದುಕೊಳ್ಳಬೇಕು. ಒಂದು ವಾರ ಕಣ್ಣಿಗೆ ಕಿರಿಕಿರಿಯಾಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ಈಗ ಪಟ್ಟಿಯ ವಿಚಾರ. ನಿಮ್ಮ ಸಾಧನದಲ್ಲಿ ಟಾಸ್ಕ್ಸ್ ಎಂಬ ಚಿತ್ರವನ್ನು ಕಡ್ಡಿಯಿಂದ ಮುಟ್ಟಿ. ಕೆಳಗಿನ ನ್ಯೂ ಗುಂಡಿಯನ್ನು ಮುಟ್ಟಿದರೆ ಒಂದು ಖಾಲಿ ಸಾಲು ಬರುತ್ತದೆ. ಅದರ ಎಡತುದಿಯಲ್ಲಿ ಗುರುತು ಹಾಕುವ ಚೌಕ, ಅದರ ಪಕ್ಕದಲ್ಲಿ 1 ಎಂಬ ಅಂಕಿ. ಆ ಅಂಕಿ ಆದ್ಯತೆ. 1ರಿಂದ 5ರವರೆಗೆ ಬದಲಿಸಬಹುದು. ಹೆಚ್ಚಿನವರು ಎಡವುವುದು ಇಲ್ಲಿಯೇ: ಹೊಸ ಸಾಲು ತಾನಾಗಿಯೇ 1 ಎಂದು ಹುಟ್ಟುವುದರಿಂದ, ಬದಲಿಸುವ ಗೋಜಿಗೆ ಹೋಗದಿದ್ದರೆ ಹದಿನೈದು ದಿನದಲ್ಲಿ ಪಟ್ಟಿಯ ಎಲ್ಲ ಕೆಲಸವೂ ಮದುವೆಮನೆಯ ಕೆಲಸದಂತೆ ತುರ್ತಾಗಿ ಕಾಣತೊಡಗುತ್ತದೆ, ಆಮೇಲೆ ಯಾವುದೂ ತುರ್ತಾಗಿ ಉಳಿಯುವುದಿಲ್ಲ. ಹೊಸದಾಗಿ ಬರೆದದ್ದಕ್ಕೆಲ್ಲ 3 ಕೊಡುವ ಅಭ್ಯಾಸ ಮಾಡಿಕೊಳ್ಳಿ. ಬೆಳಗ್ಗೆ ಕಾಫಿಯ ಹೊತ್ತಿಗೆ ಪಟ್ಟಿಯನ್ನು ನೋಡಿ, ಇಂದೇ ಆಗಬೇಕಾದ ಎರಡು ಮೂರನ್ನು ಮಾತ್ರ 1ಕ್ಕೆ ಏರಿಸಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ವಿಮೆಯ ಕಂತು ಕಟ್ಟಬೇಕಾಗಿದೆ ಎಂದಿಟ್ಟುಕೊಳ್ಳಿ. ಸಾಲಿನಲ್ಲಿ ಬರೀ 'ವಿಮೆ' ಎಂದು ಬರೆದರೆ ನಾಳೆ ಅದು ನಿಮಗೆ ಏನನ್ನೂ ಹೇಳುವುದಿಲ್ಲ. 'ವಿಮೆ ಕಂತಿನ ಚೆಕ್ ಬರೆದು ಕಚೇರಿಗೆ ಕೊಡುವುದು' ಎಂದು ಬರೆಯಿರಿ. ಕೆಳಗಿನ ಡೀಟೇಲ್ಸ್ ಗುಂಡಿಯನ್ನು ಮುಟ್ಟಿ, ಕೊನೆಯ ದಿನಾಂಕವನ್ನು ನಿಜವಾದ ಗಡುವಿಗಿಂತ ನಾಲ್ಕು ದಿನ ಮುಂಚೆ ಇರಿಸಿ. ಅದೇ ಕಿಟಕಿಯಲ್ಲಿ ಅಲಾರಂ ಇದೆ, ಪುನರಾವರ್ತನೆಯೂ ಇದೆ. ಕಂತು ವರ್ಷಕ್ಕೊಮ್ಮೆಯಾದರೆ ವರ್ಷಕ್ಕೊಮ್ಮೆ ಎಂದು ಹೇಳಿಬಿಟ್ಟರೆ ಮತ್ತೆ ಬರೆಯುವ ಪ್ರಮೇಯವಿಲ್ಲ. ಪಾಲಿಸಿ ಸಂಖ್ಯೆಯನ್ನು ಸಾಲಿನಲ್ಲಿ ತುರುಕದೆ ನೋಟ್ ಗುಂಡಿಯ ಹಿಂದೆ ಬರೆದಿಡಿ. ಗಡುವು ದಾಟಿದ ಕೆಲಸದ ಮುಂದೆ ಸಾಧನವೇ ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನು ಹಾಕುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಈ ಅಲಾರಂ ಮತ್ತು ಪುನರಾವರ್ತನೆಗಳು 2003ರ ಟಂಗ್‌ಸ್ಟನ್ ಟಿ3 ಸಾಧನದ ಹೊತ್ತಿಗೆ ಬಂದವು. ಅದಕ್ಕೂ ಹಿಂದಿನ ಸಾಧನಗಳಲ್ಲಿ ಇದೇ ತಂತ್ರಾಂಶಕ್ಕೆ ಟು ಡು ಲಿಸ್ಟ್ ಎಂದು ಹೆಸರಿತ್ತು, ಅದು ಬಾಯಿಲ್ಲದ ಪಟ್ಟಿ. ಎಚ್ಚರಿಸಬೇಕೆಂದರೆ ದಿನಚರಿಯಲ್ಲಿ ಬೇರೆಯಾಗಿ ಬರೆಯಬೇಕಾಗಿತ್ತು.

ವರ್ಗೀಕರಣಕ್ಕೆ ಕ್ಯಾಟಗರಿಗಳಿವೆ. ನಿಮ್ಮದೇ ಹೆಸರಿನ ಹದಿನೈದನ್ನು ಸೃಷ್ಟಿಸಬಹುದು, ಆದರೆ ಹದಿನೈದು ಬೇಡ. ಮನೆ, ಕಚೇರಿ, ಸ್ವಂತ ಎಂದು ಬದುಕನ್ನು ಭಾಗ ಮಾಡುವ ಬದಲು, ಕೆಲಸ ಎಲ್ಲಿ ನಡೆಯುತ್ತದೆ ಎಂಬುದರ ಮೇಲೆ ಭಾಗ ಮಾಡುವುದು ನನ್ನ ಅನುಭವದಲ್ಲಿ ಹೆಚ್ಚು ಉಪಯುಕ್ತ: ಪೇಟೆ, ಬ್ಯಾಂಕು, ಫೋನ್ ಕರೆ, ಮನೆಯೊಳಗೆ. ಸುಭಾಷ್ ರಸ್ತೆಗೆ ಹೋದಾಗ ಪೇಟೆ ಎಂಬ ಒಂದನ್ನೇ ತೆರೆದರೆ, ಚಪ್ಪಲಿ ಹೊಲಿಸುವುದರಿಂದ ಹಿಡಿದು ಕನ್ನಡಕದ ಚೌಕಟ್ಟಿನವರೆಗೆ ಅಲ್ಲಿ ಆಗಬೇಕಾದದ್ದು ಮಾತ್ರ ಕಣ್ಣಿಗೆ ಬೀಳುತ್ತದೆ. ಪರದೆಯ ಮೇಲ್ಭಾಗದ ಡೇಟ್ ಎಂಬ ಪಟ್ಟಿಯಲ್ಲಿ ಇಂದಿನದು, ಮುಂದಿನ ಏಳು ದಿನದ್ದು, ಗಡುವು ಮೀರಿದ್ದು ಎಂದು ಬೇರೆ ಬೇರೆಯಾಗಿಯೂ ನೋಡಬಹುದು. ಮುಗಿದ ಕೆಲಸಕ್ಕೆ ಗುರುತು ಹಾಕಿ ಬಿಡಿ, ತಿಂಗಳಿಗೊಮ್ಮೆ ಮೆನುವಿನ ಪರ್ಜ್ ಎಂಬ ಆಜ್ಞೆಯಿಂದ ಒಟ್ಟಿಗೆ ಅಳಿಸಿ.

ಬರವಣಿಗೆಯ ಬಗ್ಗೆ ಒಂದು ಮಾತು. ಕಡ್ಡಿಯಿಂದ ಪರದೆಯ ಮೇಲೆ ಬರೆದುದನ್ನು ಸಾಧನ ಗುರುತಿಸುವಂತೆ ಅಕ್ಷರಗಳಿಗೆ ಗೊತ್ತುಮಾಡಿದ ರೂಪವೇ ಗ್ರಾಫಿಟಿ ಲಿಪಿ; ನಿಮ್ಮ ಸಾಧನದಲ್ಲಿರುವುದು ಅದರ ಎರಡನೆಯ ಆವೃತ್ತಿ. ಜೆರಾಕ್ಸ್ ಸಂಸ್ಥೆ 1997ರಲ್ಲಿ ಹೂಡಿದ ಪೇಟೆಂಟ್ ದಾವೆಯ ದೆಸೆಯಿಂದ ಪಾಮ್ ತನ್ನ ಮೊದಲ ಗ್ರಾಫಿಟಿಯನ್ನು ಕೈಬಿಟ್ಟು 2003ರಲ್ಲಿ ಇದನ್ನು ತಂದಿತು. ಇದರಲ್ಲಿ ಹೆಚ್ಚಿನ ಅಕ್ಷರಗಳು ಒಂದೇ ಗೀಟಿನವು, ಆದರೆ ಐ, ಕೆ, ಟಿ, ಎಕ್ಸ್ ಎಂಬ ನಾಲ್ಕಕ್ಕೆ ಎರಡು ಗೀಟು ಬೇಕು. ಕೈಬರಹ ಹೊಂದದಿದ್ದರೆ ಪರದೆಯ ಕೀಲಿಮಣೆಯನ್ನು ಬಳಸುವುದರಲ್ಲಿ ಯಾವ ಅವಮಾನವೂ ಇಲ್ಲ.

ಪ್ರಶ್ನೆ: ನನ್ನ ಪಾಮ್ ಎಂ515 ಎರಡು ತಿಂಗಳು ಬಳಸದೆ ಇತ್ತು. ಈಗ ಚಾರ್ಜ್ ಮಾಡಿದರೆ ಅಂಗಡಿಯಿಂದ ಈಗಷ್ಟೇ ತಂದಂತೆ ಖಾಲಿಯಾಗಿದೆ. ಐದು ವರ್ಷದ ಪಟ್ಟಿ, ವಿಳಾಸ ಎಲ್ಲ ಹೋಗಿವೆ. ಮರಳಿ ಪಡೆಯುವ ದಾರಿಯಿದೆಯೇ?
ಶಾಲಾ ಶಿಕ್ಷಕಿ, ಶಿವಮೊಗ್ಗ

ಉತ್ತರ: ಸಾಧನದಿಂದ ಇಲ್ಲ, ಗಣಕದಿಂದ ಇರಬಹುದು. ಎಂ515ರಲ್ಲಿ ನಿಮ್ಮ ಬರಹವೆಲ್ಲ ಇರುವುದು 16 ಮೆಗಾಬೈಟ್ ರ‍್ಯಾಮ್‌ನಲ್ಲಿ. ಅದಕ್ಕೆ ಸದಾ ಒಂದಿಷ್ಟು ವಿದ್ಯುತ್ ಹರಿಯುತ್ತಿರಬೇಕು; ಸಾಧನ ಆರಿಸಿದ್ದರೂ ಬ್ಯಾಟರಿ ಹನಿ ಹನಿಯಾಗಿ ಖರ್ಚಾಗುತ್ತಿರುತ್ತದೆ, ಪೂರ್ತಿ ಬತ್ತಿದ ಕ್ಷಣ ಹಲಗೆ ಒರೆಸಿದಂತೆ ಎಲ್ಲ ಮಾಯ. ಧಾರವಾಡದ ಓದುಗರ ಟಿಎಕ್ಸ್ ಇಷ್ಟು ವರ್ಷ ಬೀರುವಿನಲ್ಲಿದ್ದೂ ಮರೆಯದಿರುವುದಕ್ಕೆ ಕಾರಣ, ಅದರಲ್ಲಿ ವಿದ್ಯುತ್ ಇಲ್ಲದೆಯೂ ಉಳಿಯುವ ಫ್ಲ್ಯಾಶ್ ಸ್ಮೃತಿ ಇರುವುದು. 2004ರ ಟಂಗ್‌ಸ್ಟನ್ ಟಿ5 ಮತ್ತು ಟ್ರಿಯೋ 650ರಿಂದ ಈ ವ್ಯವಸ್ಥೆ ಬಂತು.

ನನ್ನದೂ ಒಮ್ಮೆ ಹೀಗೆಯೇ ಹೋಗಿದೆ. ನನ್ನ ಹಳೆಯ ಸಾಧನಕ್ಕೆ ಎರಡು ಸಣ್ಣ ಪೆನ್ಸಿಲ್ ಸೆಲ್ ಹಾಕಬೇಕಿತ್ತು, ಹಳೆಯದನ್ನು ತೆಗೆದು ಒಂದು ನಿಮಿಷದೊಳಗೆ ಹೊಸದನ್ನು ಕೂರಿಸಬೇಕು ಎಂದು ಕೈಪಿಡಿಯಲ್ಲಿ ಬರೆದಿತ್ತು. ಹಾಸನದ ಬಸ್ ನಿಲ್ದಾಣದಲ್ಲಿ, ಹೊರಡಲು ನಿಂತಿದ್ದ ಬಸ್ಸಿನೊಳಗೆ ಆ ಸಾಹಸಕ್ಕೆ ಕೈಹಾಕಿದೆ. ಹೊಸ ಸೆಲ್ಲುಗಳಲ್ಲಿ ಒಂದು ಕೈಜಾರಿ ಸೀಟಿನ ಕೆಳಗೆ ಉರುಳಿತು, ಹಿಂದಿನ ಸೀಟಿನ ಅಜ್ಜಿಯ ಬಾಳೆಗೊನೆಯ ಹಿಂದೆ ಸೇರಿಕೊಂಡಿತು. ಅಜ್ಜಿ ಗೊನೆ ಸರಿಸಿ ಸೆಲ್ ಕೊಡುವಷ್ಟರಲ್ಲಿ ನನ್ನ ಮುನ್ನೂರು ವಿಳಾಸಗಳು ಹೋಗಿದ್ದವು. ಮನೆಗೆ ಬಂದು ಗಣಕಕ್ಕೆ ಜೋಡಿಸಿ ಗುಂಡಿ ಒತ್ತಿದ ಮೇಲೆ ಎಲ್ಲವೂ ಮರಳಿದವು, ಬಸ್ಸಿನಲ್ಲಿ ಬರೆದ ನಾಲ್ಕು ಸಾಲುಗಳ ಹೊರತು.

ನೀವು ಹಿಂದೆ ಎಂದಾದರೂ, ಸಾಧನವನ್ನು ಗಣಕಕ್ಕೆ ಜೋಡಿಸಿ ಎರಡರ ಮಾಹಿತಿಯನ್ನೂ ಸರಿಹೊಂದಿಸುವ ಹಾಟ್‌ಸಿಂಕ್ ಮಾಡಿದ್ದರೆ, ಆ ಹಳೆಯ ಗಣಕದಲ್ಲಿ ಪಾಮ್ ಹೆಸರಿನ ಫೋಲ್ಡರ್, ಅದರೊಳಗೆ ನಿಮ್ಮ ಬಳಕೆದಾರ ಹೆಸರಿನ ಫೋಲ್ಡರ್ ಇರುತ್ತದೆ. ಏನನ್ನೂ ಮಾಡುವ ಮೊದಲು ಆ ಫೋಲ್ಡರ್ ಅನ್ನು ಪೂರ್ತಿಯಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಬಳಿಕ ಹಾಟ್‌ಸಿಂಕ್ ಮ್ಯಾನೇಜರ್‌ನ ಕಸ್ಟಮ್ ಎಂಬಲ್ಲಿ ಟು ಡು, ವಿಳಾಸ, ದಿನಚರಿ, ಟಿಪ್ಪಣಿ ನಾಲ್ಕಕ್ಕೂ 'ಗಣಕದಲ್ಲಿರುವುದು ಸಾಧನದ್ದನ್ನು ಅಳಿಸಿ ಬರೆಯಲಿ' ಎಂಬ ಆಯ್ಕೆಯನ್ನು ಒಂದು ಸಲದ ಮಟ್ಟಿಗೆ ಕೊಟ್ಟು, ಅದೇ ಬಳಕೆದಾರ ಹೆಸರನ್ನು ಆರಿಸಿ ಸಿಂಕ್ ಮಾಡಿ. ಈ ಆಯ್ಕೆಯನ್ನು ತಿರುವುಮುರುವಾಗಿ ಕೊಟ್ಟರೆ ಖಾಲಿ ಸಾಧನ ತುಂಬಿದ ಗಣಕವನ್ನು ಅಳಿಸುತ್ತದೆ, ಆದ್ದರಿಂದ ಒತ್ತುವ ಮುನ್ನ ಎರಡು ಸಲ ಓದಿ.

ಪ್ರಶ್ನೆ: ಅಣ್ಣನ ಟಿಎಕ್ಸ್‌ನಲ್ಲಿ ವೈಫೈ ಇದೆ. ಮನೆಯ ರೂಟರ್ ಕಾಣಿಸುತ್ತದೆ, ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಜೋಡಣೆಯಾಗುವುದಿಲ್ಲ. ಕಾಲೇಜಿನ ಹಳೆಯ ರೂಟರ್‌ಗೆ ಒಮ್ಮೆ ಜೋಡಣೆಯಾಯಿತು, ಆದರೆ ಯಾವ ಜಾಲತಾಣವೂ ತೆರೆಯಲಿಲ್ಲ. ಸಾಧನ ಕೆಟ್ಟಿದೆಯೇ?
ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಕೆಟ್ಟಿಲ್ಲ, ಅದಕ್ಕೆ ಬರುವ ಭಾಷೆಯನ್ನು ಮಾತನಾಡುವವರು ಕಡಿಮೆಯಾಗಿದ್ದಾರೆ. ನಿಮ್ಮದು ಎರಡು ಬೇರೆ ಬೇರೆ ತೊಡಕುಗಳು.

ಮೊದಲನೆಯದು ಬಾಗಿಲಿನದು. ಟಿಎಕ್ಸ್ ಸಾಧನದ ವೈಫೈ 802.11ಬಿ ಎಂಬ ಹಳೆಯ ಮಾನಕದ್ದು, 2.4 ಗಿಗಾಹರ್ಟ್ಸ್ ತರಂಗದಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 11 ಮೆಗಾಬಿಟ್. ರೂಟರ್ ಹೊಸ ಮಾನಕಗಳಿಗೆ ಮಾತ್ರ ತೆರೆದುಕೊಂಡಿದ್ದರೆ ಇದನ್ನು ಹತ್ತಿರ ಸೇರಿಸುವುದಿಲ್ಲ. ಸೇರಿಸಿದರೂ ಬೀಗದ ಪ್ರಶ್ನೆ ಉಳಿಯುತ್ತದೆ: ಸಾಧನದೊಂದಿಗೆ ಬಂದ ತಂತ್ರಾಂಶಕ್ಕೆ ಗೊತ್ತಿರುವುದು ವೆಪ್ ಎಂಬ ಬೀಗ ಮತ್ತು ಮೊದಲ ತಲೆಮಾರಿನ ಡಬ್ಲ್ಯೂಪಿಎ ಬೀಗ. ಇಂದಿನ ರೂಟರ್‌ಗಳು, ಫೋನಿನ ಹಾಟ್‌ಸ್ಪಾಟ್‌ಗಳು ಎರಡನೆಯ ಅಥವಾ ಮೂರನೆಯ ತಲೆಮಾರಿನ ಡಬ್ಲ್ಯೂಪಿಎಯನ್ನು ಕೇಳುತ್ತವೆ. ಹಾಗೆಂದು ಮನೆಯ ರೂಟರ್‌ನ ಬೀಗವನ್ನು ವೆಪ್‌ಗೆ ಇಳಿಸುವ ಯೋಚನೆ ಮಾಡಬೇಡಿ. ವೆಪ್ ಮುರಿಯುವ ಬಗೆಯನ್ನು ಸಂಶೋಧಕರು 2001ರಲ್ಲೇ ಪ್ರಕಟಿಸಿದ್ದಾರೆ. ಅದು ಬೀಗವಲ್ಲ, ಬಾಗಿಲಿಗೆ ಕಟ್ಟಿದ ದಾರ. ತೀರಾ ಆಸೆಯಿದ್ದರೆ ಮೂಲೆಯಲ್ಲಿರುವ ಹಳೆಯ ರೂಟರ್ ಒಂದನ್ನು ಬೇರೆಯಾಗಿ, ಮನೆಯ ಉಳಿದ ಸಾಧನಗಳ ಸಂಪರ್ಕವಿಲ್ಲದ ಜಾಲವಾಗಿ ಹೊಂದಿಸಿ, ಬೇಕಾದಾಗ ಮಾತ್ರ ಚಾಲೂ ಮಾಡಿ.

ಎರಡನೆಯದು ಬಾಗಿಲು ದಾಟಿದ ಮೇಲಿನದು. ಈಗಿನ ಬಹುಪಾಲು ಜಾಲತಾಣಗಳು ಗೂಢಲಿಪಿಯ ಸಂಪರ್ಕವನ್ನೇ ಒಪ್ಪುತ್ತವೆ, ಅದಕ್ಕೆ ಬೇಕಾದ ಟಿಎಲ್‌ಎಸ್ 1.2 ಎಂಬ ವಿಧಾನ ರೂಪುಗೊಂಡದ್ದು 2008ರಲ್ಲಿ. ನಿಮ್ಮ ಅಣ್ಣನ ಸಾಧನ 2005ರದು. ಅದರ ಬ್ಲೇಜರ್ ಬ್ರೌಸರ್ ತಾನು ಹುಟ್ಟಿದ ಮೇಲೆ ಬಂದ ಕೈಕುಲುಕುವ ಪದ್ಧತಿಯನ್ನು ಕಲಿಯುವುದಾದರೂ ಹೇಗೆ? ಗೂಢಲಿಪಿಯಿಲ್ಲದ ಸರಳ ಪುಟಗಳು ಇಂದೂ ತೆರೆಯುತ್ತವೆ. ವರ್ಸಾಮೇಲ್ ಎಂಬ ಅಂಚೆ ತಂತ್ರಾಂಶಕ್ಕೂ ಇದೇ ಪಾಡು. ಹಳೆಯ ಪಾಸ್‌ವರ್ಡ್ ಪದ್ಧತಿಯನ್ನು ಕೆಲವು ಇಮೇಲ್ ಸೇವೆಗಳು ಒಪ್ಪಿದರೂ, ಬ್ಯಾಂಕು ಅಥವಾ ಮುಖ್ಯ ಅಂಚೆಪೆಟ್ಟಿಗೆಯ ಪಾಸ್‌ವರ್ಡನ್ನು ಈ ಸಾಧನದಲ್ಲಿ ಬರೆಯಲೇಬೇಡಿ.

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಟಿಎಕ್ಸ್‌ನ ವೈಫೈಯನ್ನು ಆರಿಸಿಟ್ಟು ಪಟ್ಟಿಯನ್ನು ಬಳಸಿದವರು ಅದನ್ನು ವರ್ಷಗಟ್ಟಲೆ ಬಳಸುತ್ತಾರೆ. ಜಾಲತಾಣ ತೆರೆಯಲು ಹಟ ಹಿಡಿದವರು ಎರಡನೆಯ ಭಾನುವಾರ ಬೀರುವಿಗೆ ಹಾಕುತ್ತಾರೆ.

ಪ್ರಶ್ನೆ: ಸುಮಾರು 2004ರಲ್ಲಿ ನಮ್ಮ ಮೇಲಧಿಕಾರಿಯೊಬ್ಬರು ಮೊಬೈಲ್ ಫೋನನ್ನೂ ಪಾಮ್ ಸಾಧನವನ್ನೂ ಮೇಜಿನ ಮೇಲೆ ಎದುರುಬದುರು ಇಟ್ಟು ಇಮೇಲ್ ನೋಡುತ್ತಿದ್ದರು. ಅದಕ್ಕೆ ಅವರು *99# ಎಂಬ ಸಂಖ್ಯೆಯನ್ನು ಬರೆಯುತ್ತಿದ್ದುದು ನೆನಪಿದೆ. ಅದು ಯಾರ ಫೋನ್ ನಂಬರು? ಹೇಗೆ ಕೆಲಸ ಮಾಡುತ್ತಿತ್ತು?
ನಿವೃತ್ತ ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ನಿಮ್ಮ ಪ್ರಶ್ನೆ ಓದಿ ಆ ಮೇಜು ನನ್ನ ಕಣ್ಣಿಗೂ ಕಟ್ಟಿತು. ಎರಡು ಸಾಧನಗಳ ತಲೆಯಲ್ಲಿರುವ ಕಪ್ಪು ಗಾಜಿನ ಕಿಂಡಿಗಳು ಒಂದನ್ನೊಂದು ನೋಡುತ್ತಿರಬೇಕು. ನಡುವೆ ಕಾಫಿ ಲೋಟ ಬಂದರೆ, ಮೇಜು ಅಲುಗಿದರೆ ಸಂಪರ್ಕ ಕಡಿದು ಮೊದಲಿನಿಂದ ಆರಂಭ. ಆ ಕಿಂಡಿಗಳಲ್ಲಿ ಹಾಯುತ್ತಿದ್ದುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು, ಅದರ ವ್ಯಾಪ್ತಿ ಹೆಚ್ಚೆಂದರೆ ಒಂದು ಮೀಟರು. ಬ್ಲೂಟೂತ್ ಬಂದ ಮೇಲೆ ಫೋನು ಜೇಬಿನಲ್ಲೇ ಇರಬಹುದಾಯಿತು. 2002ರ ಟಂಗ್‌ಸ್ಟನ್ ಟಿ ಸಾಧನದಲ್ಲಿ ಅದು ಒಳಗೇ ಸೇರಿತ್ತು.

*99# ಯಾರ ನಂಬರೂ ಅಲ್ಲ. ಪಾಮ್ ಸಾಧನಕ್ಕೆ ಗೊತ್ತಿದ್ದದ್ದು ದೂರವಾಣಿಯ ಮೋಡೆಮ್‌ಗೆ ಡಯಲ್ ಮಾಡುವುದೊಂದೇ. 1997ರ ಪಾಮ್‌ಪೈಲಟ್ ಪ್ರೊಫೆಷನಲ್ ಸಾಧನದಲ್ಲಿ ಅಂತರ್ಜಾಲದ ನಿಯಮಾವಳಿಯನ್ನು ಸೇರಿಸಿದಾಗ, ಸಿಕ್ಕಿಸಿಕೊಳ್ಳುವ ಮೋಡೆಮ್ ಒಂದರ ಮೂಲಕ ಮನೆಯ ದೂರವಾಣಿ ತಂತಿಯಲ್ಲಿ ಸೇವಾ ಸಂಸ್ಥೆಗೆ ಕರೆ ಮಾಡುವುದೇ ಪದ್ಧತಿಯಾಗಿತ್ತು. ಮುಂದೆ ಜಿಪಿಆರ್‌ಎಸ್ ಬಂತು. ಅದರಲ್ಲಿ ಯಾರಿಗೂ ಕರೆ ಮಾಡಬೇಕಾಗಿಲ್ಲ, ಮೊಬೈಲ್ ಜಾಲವೇ ಮಾಹಿತಿಯನ್ನು ತುಣುಕು ತುಣುಕಾಗಿ ಸಾಗಿಸುತ್ತದೆ. ಆದರೆ ಡಯಲ್ ಮಾಡಲೇಬೇಕೆಂದು ಕೂತಿರುವ ಹಳೆಯ ಸಾಧನಕ್ಕೆ ಏನಾದರೂ ಕೊಡಬೇಕಲ್ಲ? ಅದಕ್ಕೆಂದು ಇಟ್ಟ ಸಂಕೇತ *99#. ಅದನ್ನು ಕೇಳಿದ ಫೋನು ಕರೆ ಮಾಡಿದಂತೆ ನಟಿಸಿ, ಹಿಂದಿನಿಂದ ಜಿಪಿಆರ್‌ಎಸ್ ಸಂಪರ್ಕವನ್ನು ತೆರೆದು ಪಾಮ್‌ನ ಕೈಗೆ ಕೊಡುತ್ತಿತ್ತು. ಪ್ರಿಫರೆನ್ಸಸ್‌ನ ನೆಟ್‌ವರ್ಕ್ ಪುಟದಲ್ಲಿ ಈ ಸಂಖ್ಯೆ, ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟರೆ ಸಾಕು, ವಿಳಾಸವನ್ನು ಜಾಲವೇ ಹಂಚುತ್ತಿತ್ತು. ಅಲ್ಲಿಯೇ ಇದ್ದ ಐಡಲ್ ಟೈಮ್‌ಔಟ್ ಎಂಬ ಗಡುವು, ಸುಮ್ಮನೆ ಕೂತಾಗ ಸಂಪರ್ಕವನ್ನು ತಾನೇ ಕಡಿಯುತ್ತಿತ್ತು.

ಈ ಸಂದರ್ಭದಲ್ಲಿ ಅಮೆರಿಕದಲ್ಲಿ ಮಾತ್ರ ನಡೆದ ಒಂದು ಪ್ರಯೋಗವನ್ನು ಹೇಳಬೇಕು. 1999ರ ಪಾಮ್ ಏಳು ಎಂಬ ಸಾಧನಕ್ಕೆ ಎತ್ತಿ ನಿಲ್ಲಿಸುವ ಆಂಟೆನಾ ಇತ್ತು, ಮೋಬಿಟೆಕ್ಸ್ ಎಂಬ ನಿಧಾನದ ನಿಸ್ತಂತು ಜಾಲದಲ್ಲಿ ಅದು ನೇರವಾಗಿ ಮಾತನಾಡುತ್ತಿತ್ತು. ಆರಂಭದ ಅಗ್ಗದ ಯೋಜನೆಯಲ್ಲಿ ತಿಂಗಳಿಗೆ 9.99 ಡಾಲರ್ ಕೊಟ್ಟರೆ ಸಿಗುತ್ತಿದ್ದುದು 50 ಕಿಲೋಬೈಟ್. ಇಂದು ಫೋನಿನಲ್ಲಿ ಬರುವ ಒಂದು ಸುಪ್ರಭಾತದ ಚಿತ್ರಕ್ಕೂ ಅದು ಸಾಲದು! ಆದರೆ ಅಷ್ಟರಲ್ಲೇ ಅವರು ಸಂಸಾರ ನಡೆಸಿದ ಬಗೆ ಸೊಗಸಾಗಿತ್ತು. ವೆಬ್ ಕ್ಲಿಪ್ಪಿಂಗ್ ಎಂಬ ಆ ಪದ್ಧತಿಯಲ್ಲಿ ಪುಟದ ಚೌಕಟ್ಟು, ಚಿತ್ರ, ತುಂಬಬೇಕಾದ ಅರ್ಜಿ ಎಲ್ಲವೂ ಮೊದಲೇ ಸಾಧನದಲ್ಲಿರುತ್ತಿದ್ದವು. ಗಾಳಿಯಲ್ಲಿ ಹೋಗುತ್ತಿದ್ದುದು ನಿಮ್ಮ ಪ್ರಶ್ನೆ, ಬರುತ್ತಿದ್ದುದು ಅದಕ್ಕೆ ಬೇಕಾದಷ್ಟೇ ಉತ್ತರ. ಅಂಗೈ ಸಾಧನಕ್ಕೆ ಅಂತರ್ಜಾಲ ಎಷ್ಟು ಬೇಕು ಎಂದು ಅಷ್ಟು ಲೆಕ್ಕ ಹಾಕಿ ಯೋಚಿಸಿದವರು ಆಮೇಲೆ ಕಡಿಮೆ.

ಪ್ರಶ್ನೆ: ನನ್ನ ಬಳಿ ಎರಡು ಪಾಮ್ ಸಾಧನಗಳಿವೆ, ಒಂದು ಅಂಗಡಿಗೆ, ಒಂದು ಮನೆಗೆ. ಹಳೆಯ ಗಣಕದಲ್ಲಿ ಎರಡನ್ನೂ ಸಿಂಕ್ ಮಾಡಿದಾಗಿನಿಂದ ಪಟ್ಟಿಗಳು ಕಲಸುಮೇಲೋಗರವಾಗಿವೆ. ಹೊಸ ಗಣಕಕ್ಕಂತೂ ಸಾಧನ ಸಿಕ್ಕಿಸಿದರೂ ಗೊತ್ತೇ ಆಗುವುದಿಲ್ಲ.
ಬಟ್ಟೆ ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಎರಡಕ್ಕೂ ಒಂದೇ ಬಳಕೆದಾರ ಹೆಸರು ಕೊಟ್ಟಿದ್ದೀರಿ ಎಂದು ಕಾಣುತ್ತದೆ. ಗಣಕ ಸಾಧನವನ್ನು ಗುರುತಿಸುವುದು ಆ ಹೆಸರಿನಿಂದಲೇ. ಹೆಸರು ಒಂದಾದರೆ ಎರಡು ಅಂಗಡಿಯ ಉದ್ರಿ ಖಾತೆಯನ್ನು ಒಂದೇ ಪುಸ್ತಕದಲ್ಲಿ ಬರೆದಂತೆ ಆಗುತ್ತದೆ. ಮೊದಲು ಗಣಕದ ಫೋಲ್ಡರ್ ನಕಲು ಮಾಡಿಟ್ಟು, ಮನೆಯ ಸಾಧನದ ಹೆಸರನ್ನು ಗಣಕದ ತಂತ್ರಾಂಶವಾದ ಪಾಮ್ ಡೆಸ್ಕ್‌ಟಾಪ್‌ನಲ್ಲಿ ಬೇರೆ ಮಾಡಿ, ಆಮೇಲೆ ಒಂದೊಂದಾಗಿ ಸಿಂಕ್ ಮಾಡಿ. ಈಗಾಗಲೇ ಬೆರೆತುಹೋದ ಸಾಲುಗಳನ್ನು ಬೇರ್ಪಡಿಸುವ ಮಂತ್ರವಿಲ್ಲ, ಕುಳಿತು ಕೈಯಿಂದಲೇ ಅಳಿಸಬೇಕು.

ಹೊಸ ಗಣಕದ ಸಮಸ್ಯೆಗೆ ಕಾರಣ ಬೇರೆ. ಇಂದಿನ ವಿಂಡೋಸ್ 64 ಬಿಟ್‌ನದು, ಅದಕ್ಕೆ ಹೊಂದುವ ಯುಎಸ್‌ಬಿ ಡ್ರೈವರನ್ನು ಪಾಮ್ ಸಂಸ್ಥೆ ಕೊಡಲಿಲ್ಲ. 2010ರಲ್ಲಿ ಸಂಸ್ಥೆ ಎಚ್‌ಪಿಗೆ ಮಾರಾಟವಾದ ಮೇಲೆ ಕೇಳುವವರೂ ಇಲ್ಲವಾದರು. ಬ್ಲೂಟೂತ್ ಇರುವ ಸಾಧನವಾದರೆ ತಂತಿಯನ್ನು ಬಿಟ್ಟು ಬ್ಲೂಟೂತ್ ಮೂಲಕ ಹಾಟ್‌ಸಿಂಕ್ ಮಾಡಿ ನೋಡಿ. ಇಲ್ಲದಿದ್ದರೆ ಹಳೆಯ ಗಣಕವೊಂದಕ್ಕೆ ಲಿನಕ್ಸ್ ಹಾಕಿ ಜೆ-ಪೈಲಟ್ ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದು. ಅದರಲ್ಲಿ ಪಟ್ಟಿ, ದಿನಚರಿ, ವಿಳಾಸ ಎಲ್ಲವನ್ನೂ ನೋಡಬಹುದು, ತಿದ್ದಬಹುದು, ಅಲ್ಪವಿರಾಮದಿಂದ ಬೇರ್ಪಡಿಸಿದ ಕಡತವಾಗಿ ಹೊರತೆಗೆಯಲೂಬಹುದು. ಆ ಕಡತ ಇಂದಿನ ಯಾವ ಲೆಕ್ಕದ ಹಾಳೆಯಲ್ಲಾದರೂ ತೆರೆಯುತ್ತದೆ. ಫೋನಿಗೆ ವಲಸೆ ಹೋಗಬೇಕೆಂದಿದ್ದರೂ ಇದೇ ಸುರಕ್ಷಿತ ದಾರಿ.

ಪ್ರಶ್ನೆ: ಪಾಮ್ ಸಾಧನ 2031ರಲ್ಲಿ ನಿಂತುಹೋಗುತ್ತದೆ ಎಂದು ಕೇಳಿದೆ. ನಿಜವೇ?
ಓದುಗರು, ತುಮಕೂರು

ಉತ್ತರ: ಸಾಧನ ನಿಲ್ಲುವುದಿಲ್ಲ, ದಿನಚರಿ ಮುಗಿಯುತ್ತದೆ. ಪಾಮ್‌ನ ತಂತ್ರಾಂಶಗಳು ದಿನಾಂಕವನ್ನು 1904ರಿಂದ ಎಣಿಸುತ್ತವೆ, ವರ್ಷಕ್ಕೆಂದು ಮೀಸಲಿಟ್ಟಿರುವುದು ಏಳು ಬಿಟ್. ಏಳು ಬಿಟ್‌ನಲ್ಲಿ ಸೊನ್ನೆಯಿಂದ 127ರವರೆಗೆ ಬರೆಯಬಹುದು. 1904ಕ್ಕೆ 127 ಕೂಡಿಸಿದರೆ 2031. ಆ ವರ್ಷದ ಡಿಸೆಂಬರ್ 31ರ ಆಚೆಗೆ ಯಾವ ಕೆಲಸಕ್ಕೂ ಗಡುವು ಹಾಕಲಾಗದು. ವರ್ಷಕ್ಕೊಮ್ಮೆಯ ವಿಮೆಯ ಕಂತನ್ನು ಪುನರಾವರ್ತನೆಗೆ ಹಾಕಿದ ಧಾರವಾಡದ ಉಪನ್ಯಾಸಕರು ಇದನ್ನು ಗಮನಿಸಬೇಕು.

ಪ್ರಶ್ನೆ: ಬೆಂಗಳೂರಿನಲ್ಲೇ ಕನ್ನಡ ಬಲ್ಲ ಇಂಥದೊಂದು ಸಾಧನ ತಯಾರಾಗಿತ್ತಂತೆ. ಅದೇನಾಯಿತು?
ಕನ್ನಡ ಎಂ.ಎ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನೀವು ಕೇಳುತ್ತಿರುವುದು ಸಿಂಪ್ಯೂಟರ್ ಬಗ್ಗೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದ ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರೂ ಸೇರಿ ಟ್ರಸ್ಟ್ ಒಂದನ್ನು ಕಟ್ಟಿಕೊಂಡು ಅದನ್ನು ರೂಪಿಸಿದರು. 2001ರಲ್ಲಿ ಮಾದರಿಗಳನ್ನು ಜನರ ಮುಂದಿಟ್ಟರು. ಪಾಮ್ ಒಬ್ಬರ ಜೇಬಿಗೆಂದು ಹುಟ್ಟಿದ್ದರೆ ಇದು ಒಂದು ಊರಿಗೆಂದು ಹುಟ್ಟಿತು. ಸಾಧನ ಒಂದೇ, ಆದರೆ ಪ್ರತಿಯೊಬ್ಬರ ಕೈಯಲ್ಲಿ ಒಂದು ಸ್ಮಾರ್ಟ್ ಕಾರ್ಡ್; ಕಾರ್ಡ್ ತೂರಿಸಿದವರ ಮಾಹಿತಿ ತೆರೆಯುತ್ತದೆ, ತೆಗೆದರೆ ಮುಚ್ಚುತ್ತದೆ. ಒಳಗೆ ಲಿನಕ್ಸ್ ಇತ್ತು. ಕನ್ನಡ, ಹಿಂದಿ, ತಮಿಳುಗಳಲ್ಲಿ ಬರಹವನ್ನು ತೋರಿಸುವುದಷ್ಟೇ ಅಲ್ಲ, ಗಟ್ಟಿಯಾಗಿ ಓದಿ ಹೇಳುವ ಏರ್ಪಾಡೂ ಇತ್ತು, ಏಕೆಂದರೆ ಅಕ್ಷರ ಬಾರದವರೂ ಅದನ್ನು ಬಳಸಬೇಕೆಂಬುದು ಅವರ ಆಸೆ. ಆಗ ಅಂದಾಜು ಮಾಡಿದ ಬೆಲೆ ಸುಮಾರು 9,000 ರೂಪಾಯಿ.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ತಯಾರಿಸಿದ ಅಮಿಡಾ ಎಂಬ ಮಾದರಿ ಮಾರುಕಟ್ಟೆಗೆ ಬಂತು. ಅದನ್ನು ಓರೆ ಮಾಡಿದರೆ ಪುಟ ತಿರುಗುತ್ತಿತ್ತು; ಅಲುಗಾಟವನ್ನು ಗ್ರಹಿಸುವ ಆ ಸಂವೇದಕ ಫೋನುಗಳಲ್ಲಿ ಮಾಮೂಲಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. ಮಾರಾಟ ಮಾತ್ರ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಊರಿಗೊಂದು ಸಾಧನ ಎಂಬ ಕಲ್ಪನೆ ಬೇರೂರುವ ಮೊದಲೇ ಅಗ್ಗದ ಮೊಬೈಲ್ ಫೋನು ಮನೆಗೊಂದಾಯಿತು, ಅದಕ್ಕೆ ಯಾರ ಕಾರ್ಡನ್ನೂ ತೂರಿಸಬೇಕಾಗಿರಲಿಲ್ಲ. ನಿಮ್ಮ ಪ್ರಬಂಧಕ್ಕೆ ವಸ್ತು ಹುಡುಕುತ್ತಿದ್ದೀರಾದರೆ, ಆ ಸಾಧನದ ಕನ್ನಡ ಓದುವ ತಂತ್ರಾಂಶ ಧ್ವನಿ ಎಂಬ ಹೆಸರಿನಲ್ಲಿ ಮುಕ್ತವಾಗಿ ಬಿಡುಗಡೆಯಾಗಿದೆ, ಅಲ್ಲಿಂದ ಆರಂಭಿಸಬಹುದು.

ಪ್ರಶ್ನೆ: ನನ್ನಲ್ಲೂ ನಮ್ಮ ಯಜಮಾನರಲ್ಲೂ ಟಂಗ್‌ಸ್ಟನ್ ಇ ಇವೆ. ನಾನು ಬರೆದ ಸಾಮಾನಿನ ಪಟ್ಟಿಯನ್ನು ಅಂತರ್ಜಾಲ, ಗಣಕ ಯಾವುದೂ ಇಲ್ಲದೆ ಅವರ ಸಾಧನಕ್ಕೆ ಕಳುಹಿಸಬಹುದೇ?
ಗೃಹಿಣಿ, ಉಡುಪಿ

ಉತ್ತರ: ಬಹಳ ಸುಲಭ. ಸಾಮಾನುಗಳನ್ನು ಪೇಟೆ ಎಂಬ ಕ್ಯಾಟಗರಿಯಲ್ಲಿ ಬರೆದು, ಅದನ್ನೇ ತೆರೆದಿಟ್ಟುಕೊಂಡು, ಮೆನುವಿನಲ್ಲಿ ಬೀಮ್ ಕ್ಯಾಟಗರಿ ಎಂಬುದನ್ನು ಮುಟ್ಟಿ. ಎರಡು ಸಾಧನಗಳ ಕಪ್ಪು ಕಿಂಡಿಗಳು ಒಂದು ಗೇಣಿನ ಅಂತರದಲ್ಲಿ ಎದುರುಬದುರಾಗಿರಲಿ, ಅವರ ಸಾಧನ ಚಾಲೂ ಇರಲಿ. ಸ್ವೀಕರಿಸಲೇ ಎಂದು ಅವರ ಪರದೆಯಲ್ಲಿ ಪ್ರಶ್ನೆ ಬರುತ್ತದೆ. ಯಜಮಾನರು ಹೌದು ಎಂದು ಒತ್ತುವವರೆಗೆ ಪಟ್ಟಿ ಅವರದಾಗುವುದಿಲ್ಲ, ಆದ್ದರಿಂದ ಪಕ್ಕದಲ್ಲೇ ನಿಂತು ಒತ್ತಿಸಿ.